ಬಂದದ್ದನ್ನು ಹಾಗೇ ಕಳಿಸಿದವರು

'ಫಾರ್ವರ್ಡೆಡ್ ಆ್ಯಸ್ ರಿಸೀವ್ಡ್.' ಮೂರು ಪದಗಳ ಈ ಜಾಮೀನು ಅರ್ಜಿ ಇಲ್ಲದ ವಾಟ್ಸಾಪ್ ಗುಂಪು ದೇಶದಲ್ಲಿ ಸಿಗುವುದು ಕಷ್ಟ. ಹೊರನಾಡಿನ ಕನ್ನಡ ಸಂಘಗಳ ಗುಂಪುಗಳಲ್ಲಂತೂ ಅದು ನಿತ್ಯದ ಮಾತು. ರಾಜ್ಯೋತ್ಸವದ ಚಂದಾ ಪಟ್ಟಿ, ಯಾರದೋ ಮೊಮ್ಮಗಳ ರಂಗಪ್ರವೇಶದ ಆಮಂತ್ರಣ, ಇವುಗಳ ನಡುವೆ ಮೈ ಜುಮ್ಮೆನಿಸುವ ಒಂದು ಸುದ್ದಿ, ಅದರ ಕೆಳಗೆ ಈ ಮೂರು ಪದ. ಬಿಡಿಸಿ ಹೇಳಿದರೆ ಅದರ ಅರ್ಥ ಇಷ್ಟೇ: ನಿಜವಾದರೆ ಮೊದಲು ತಿಳಿಸಿದ ಪುಣ್ಯ ಕಳಿಸಿದವರದು, ಸುಳ್ಳಾದರೆ ಪಾಪ ಮೇಲಿನವರದು.

ಈ ಲೆಕ್ಕವನ್ನು ಕನ್ನಡ ಯಾವತ್ತೂ ಒಪ್ಪಿಲ್ಲ. ಚಾಡಿಕೋರ ಅನ್ನುವುದು ಮಾತು ಹುಟ್ಟಿಸಿದವನನ್ನಲ್ಲ, ಹೊತ್ತು ತಂದವನನ್ನು. ತಂದದ್ದನ್ನೆಲ್ಲ ನಂಬುವವನಿಗೂ ಹೆಸರಿಟ್ಟಿದ್ದಾರೆ, ಹಿತ್ತಾಳೆ ಕಿವಿಯವನು. ಊರ ಜಗಲಿಯ ಮೇಲೆ 'ಅವರು ಹೇಳಿದ್ದನ್ನೇ ಹೇಳಿದೆ' ಎಂದವನಿಗೆ ಬೈಗುಳದಲ್ಲಿ ರಿಯಾಯಿತಿ ಸಿಗುತ್ತಿರಲಿಲ್ಲ. ಕೈಗೆ ಫೋನು ಬಂದ ಮೇಲೆ ಅದೇ ಕೆಲಸ 'ಮಾಹಿತಿ ಹಂಚಿಕೆ' ಆಗಿದೆ.

ನ್ಯಾಯಾಲಯಗಳೂ ಒಪ್ಪಿಲ್ಲ. 2018ರ ಏಪ್ರಿಲ್‌ನಲ್ಲಿ ತಮಿಳು ನಟ, ರಾಜಕಾರಣಿ ಎಸ್.ವಿ. ಶೇಖರ್ ಮಹಿಳಾ ಪತ್ರಕರ್ತರನ್ನು ಹೀನಾಯವಾಗಿ ನಿಂದಿಸುವ, ಬೇರೊಬ್ಬರು ಬರೆದ ಒಂದು ಬರಹವನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಗದ್ದಲವಾದ ಕೂಡಲೇ ಅಳಿಸಿ ಕ್ಷಮೆ ಕೇಳಿದರು. ಓದದೆ ಹಂಚಿದ್ದು ಎಂಬುದು ಅವರ ವಾದ. ಕಣ್ಣಿಗೆ ಔಷಧಿ ಹಾಕಿಕೊಂಡಿದ್ದರಿಂದ ಓದಲಾಗಲಿಲ್ಲ ಎಂದೂ ಸುಪ್ರೀಂ ಕೋರ್ಟ್‌ನಲ್ಲಿ ಹೇಳಲಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಪ್ರಕರಣ ರದ್ದು ಮಾಡಲು ಒಪ್ಪಲಿಲ್ಲ, ಫಾರ್ವರ್ಡ್ ಮಾಡಿದ ಸಂದೇಶವನ್ನು ಬಿಲ್ಲಿನಿಂದ ಹೊರಟ ಬಾಣಕ್ಕೆ ಹೋಲಿಸಿತು. ಸುಪ್ರೀಂ ಕೋರ್ಟೂ ಕೈ ಹಾಕಲಿಲ್ಲ. ಕಣ್ಣು ಕಾಣದ ಹೊತ್ತಿನಲ್ಲಿ ಹೆಬ್ಬೆರಳು ಮಾತ್ರ ಸರಿಯಾಗಿ ಕೆಲಸ ಮಾಡಿದ್ದು ಸೋಜಿಗವೇ ಸರಿ.

ಸಾಮಾಜಿಕ ಜಾಲತಾಣಗಳು ಜನರ ಅಭಿಪ್ರಾಯವನ್ನು ತಿರುಚುತ್ತವೆ ಎಂಬ ದೂರು ಈಗ ಎಲ್ಲ ವಿಚಾರ ಸಂಕಿರಣಗಳಲ್ಲೂ ಕೇಳುತ್ತದೆ. ಅಲ್ಲಿ ಆರೋಪಿಯ ಸ್ಥಾನದಲ್ಲಿ ನಿಲ್ಲುವುದು ಅಲ್ಗಾರಿದಂ. ಯೂಟ್ಯೂಬು, ಇನ್‌ಸ್ಟಾಗ್ರಾಮುಗಳ ಮಟ್ಟಿಗೆ ಆ ದೂರು ಸರಿ. ಮುಂದೇನು ನೋಡಬೇಕೆಂದು ಅಲ್ಲಿ ಯಂತ್ರವೇ ಆರಿಸಿ ಬಡಿಸುತ್ತದೆ. ಆದರೆ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಸುದ್ದಿಯನ್ನು ಯಾವ ಯಂತ್ರವೂ ತಂದು ಹಾಕುವುದಿಲ್ಲ. ಪ್ರತಿ ಮೆಟ್ಟಿಲಲ್ಲೂ ಒಬ್ಬ ಮನುಷ್ಯ ಓದಿ, ಅಥವಾ ಓದದೆ, ಯಾರಿಗೆ ಕಳಿಸಬೇಕೆಂದು ತಾನೇ ಆರಿಸುತ್ತಾನೆ. ಅಂಚೆಯವನ ಹೋಲಿಕೆಯೂ ಇಲ್ಲಿ ಸಲ್ಲದು. ಅಂಚೆಯವನು ಪತ್ರ ಒಡೆಯುವುದಿಲ್ಲ, ಇಷ್ಟವಾದದ್ದನ್ನು ನಕಲು ಮಾಡಿ ಇಡೀ ಬೀದಿಗೆ ಹಂಚುವುದಿಲ್ಲ.

2018ರ ಬೇಸಿಗೆಯಲ್ಲಿ ಒಂದು ವಿಡಿಯೊ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ತಯಾರಿಸಿದ ಜಾಗೃತಿ ಚಿತ್ರ. ಮೂಲದಲ್ಲಿ ಅವರು ತಿರುಗಿ ಬಂದು ಮಗುವನ್ನು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಕತ್ತರಿಸಲು ಒಬ್ಬ ಸಾಕು. ಊರೂರಿಗೆ ಮುಟ್ಟಿಸಲು ಲಕ್ಷಾಂತರ ಒಳ್ಳೆಯವರು ಬೇಕಾಯಿತು: ಮಕ್ಕಳ ಮೇಲೆ ಕಾಳಜಿ ಇದ್ದ ತಾಯಂದಿರು, ಶಿಕ್ಷಕರು, ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗಳು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಮಕ್ಕಳ ಕಳ್ಳನೆಂದು ಹೊಡೆದು ಕೊಂದರು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನ್‌ಪಾಡದಲ್ಲಿ ಭಿಕ್ಷೆಗೆ ಬಂದಿದ್ದ ಅಲೆಮಾರಿ ಸಮುದಾಯದ ಐವರು ಸತ್ತರು.

ಬೀದರ್ ಜಿಲ್ಲೆಯಲ್ಲಿ ನಡೆದದ್ದು ಇನ್ನೂ ಬಿಡಿಬಿಡಿಯಾಗಿ ಗೊತ್ತಿದೆ. ಹೈದರಾಬಾದಿನಿಂದ ಕಾರಿನಲ್ಲಿ ಬಂದಿದ್ದ ಗೆಳೆಯರು, ಅವರಲ್ಲೊಬ್ಬ ಕತಾರಿನವ. ದಾರಿಯಲ್ಲಿ ಶಾಲಾ ಮಕ್ಕಳಿಗೆ ಚಾಕಲೇಟು ಹಂಚಿದರು. ಅಷ್ಟೇ ಸಾಕಾಯಿತು. ಜನ ಅಡ್ಡಗಟ್ಟಿದಾಗ ಹೆದರಿ ಕಾರು ಓಡಿಸಿದರು. ಆದರೆ ಅವರ ವಿಡಿಯೊ ಕಾರಿಗಿಂತ ಮೊದಲೇ ಮುಂದಿನ ಊರು ಮುರ್ಕಿಯನ್ನು ತಲುಪಿತ್ತು. ಅಲ್ಲಿ ರಸ್ತೆಗೆ ಮರದ ದಿಮ್ಮಿ ಅಡ್ಡ ಹಾಕಿದ್ದರು. ಕಾರು ಮಗುಚಿತು, ಜನ ಮುಗಿಬಿದ್ದರು, ಬಿಡಿಸಲು ಬಂದ ಪೊಲೀಸರಿಗೂ ಪೆಟ್ಟು ಬಿತ್ತು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಅಲ್ಲೇ ಮುಗಿದ. ಬಂಧಿತರಲ್ಲಿ ವಾಟ್ಸಾಪ್ ಗುಂಪಿನ ಅಡ್ಮಿನ್ ಕೂಡ ಇದ್ದ. ಮುರ್ಕಿಯ ಜನಕ್ಕೆ ಆ ಕಾರಿನವರ ಬಗ್ಗೆ ಬೆಳಿಗ್ಗೆ ಯಾವ ಅಭಿಪ್ರಾಯವೂ ಇರಲಿಲ್ಲ. ಸಂಜೆಗೆ ಕೊಲ್ಲುವಷ್ಟು ಇತ್ತು.

ಅದಾದ ಕೆಲವೇ ದಿನಗಳಲ್ಲಿ ಕಂಪನಿ ಎಚ್ಚೆತ್ತುಕೊಂಡು, ಭಾರತದಲ್ಲಿ ಒಂದು ಸಂದೇಶವನ್ನು ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಚಾಟ್‌ಗಳಿಗೆ ಕಳಿಸಲಾಗದಂತೆ ಮಾಡಿತು. ಇಂಥ ಮಿತಿಗಳಿಂದ ಫಾರ್ವರ್ಡ್‌ಗಳು ಶೇ 25ರಷ್ಟು ಕಡಿಮೆಯಾದವೆಂದು ಆಮೇಲೆ ಅದೇ ಹೇಳಿಕೊಂಡಿತು. ಅಂದರೆ ಕಾಲು ಭಾಗ ಸಂದೇಶಗಳು ಇನ್ನೊಂದು ಸಲ ಬೆರಳಾಡಿಸುವ ಶ್ರಮಕ್ಕೂ ಬೆಲೆಬಾಳುವಂಥವಲ್ಲ ಎಂದು ಕಳಿಸುತ್ತಿದ್ದವರಿಗೇ ಅನ್ನಿಸಿತ್ತು! ಬ್ರೇಕು ಇದೆಯೆಂದು ಗೊತ್ತಿದ್ದೂ ಹೆಣ ಬೀಳುವವರೆಗೆ ಒತ್ತದ ಕಂಪನಿಗೆ ಕ್ಷಮೆಯಿಲ್ಲ. ಆದರೆ ಆ್ಯಕ್ಸಿಲರೇಟರ್ ಮೇಲೆ ಕಾಲಿಟ್ಟವರು ಬೇರೆ.

ಐದರ ಮಿತಿ ಹೊಸದೂ ಅಲ್ಲ. 2012ರ ಆಗಸ್ಟ್‌ನಲ್ಲಿ, ಅಸ್ಸಾಂ ಗಲಭೆಗೆ ಪ್ರತೀಕಾರ ನಡೆಯಲಿದೆ ಎಂಬ ಗಾಳಿಸುದ್ದಿಗೆ ಬೆದರಿ ಈಶಾನ್ಯದ ಸಾವಿರಾರು ಜನ ಬೆಂಗಳೂರು, ಪುಣೆ, ಚೆನ್ನೈ, ಹೈದರಾಬಾದ್ ಬಿಟ್ಟು ರೈಲು ಹತ್ತಿದಾಗ, ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಸೆಮ್ಮೆಸ್ ಎಂದು ಹದಿನೈದು ದಿನದ ಕಟ್ಟು ಹಾಕಿತ್ತು. ಗುವಾಹಟಿಗೆ ವಿಶೇಷ ರೈಲುಗಳು ಹೊರಟವು. ಓಡಿದವರಲ್ಲಿ ಹೆಚ್ಚಿನವರು ಹೋಟೆಲು, ಬ್ಯೂಟಿ ಪಾರ್ಲರ್, ಸೆಕ್ಯುರಿಟಿ ಕೆಲಸದವರು ಮತ್ತು ವಿದ್ಯಾರ್ಥಿಗಳು. ಅವರಿಗೆ ಆ ಸಂದೇಶ ಕಳಿಸಿದವರು ಶತ್ರುಗಳಲ್ಲ, ಅವರ ಅಕ್ಕ, ಅಣ್ಣ, ರೂಮಿನ ಗೆಳೆಯರು. ಅದಕ್ಕೇ ನಂಬಿದರು.

ಪ್ರಭಾವದ ಗುಟ್ಟು ಇರುವುದು ಇಲ್ಲೇ. ಸುದ್ದಿಗೆ ತನ್ನದೇ ಆದ ಮರ್ಯಾದೆ ಇರುವುದಿಲ್ಲ, ಅದು ಕಳಿಸಿದವರ ಮರ್ಯಾದೆಯನ್ನು ಸಾಲ ತೆಗೆದುಕೊಳ್ಳುತ್ತದೆ. ಸಹಿ ತಾಳೆಯಾಗದ ಚೆಕ್ಕನ್ನು ಮೂವತ್ತು ವರ್ಷ ಒಂದನ್ನೂ ಪಾಸು ಮಾಡದ ನಿವೃತ್ತ ಬ್ಯಾಂಕ್ ಮ್ಯಾನೇಜರು ಕಳಿಸಿದರೆ, ಗುಂಪಿನ ಕಿರಿಯರು 'ರಾಯರೇ ಹೇಳಿದ್ದಾರೆ' ಎಂದು ನಂಬುತ್ತಾರೆ. ರಾಯರು ಹೇಳಿಲ್ಲ, ರಾಯರು ಕಳಿಸಿದ್ದಾರೆ ಅಷ್ಟೇ. 'ಬಂದದ್ದನ್ನು ಹಾಗೇ ಕಳಿಸಿದ್ದು' ಎಂಬ ಮಾತು ಮೋಸವಾಗುವುದು ಈ ಕಾರಣಕ್ಕೆ: ಸಂದೇಶ ಹಾಗೇ ಹೋಗುವುದಿಲ್ಲ, ರಾಯರ ಹೆಸರಿನ ಮೊಹರು ಒತ್ತಿಸಿಕೊಂಡು ಹೋಗುತ್ತದೆ.

ಹೊರನಾಡ ಕನ್ನಡಿಗರಿಗೆ ಇದರ ಬಿಸಿ ಇನ್ನೊಂದು ದಿಕ್ಕಿನಿಂದಲೂ ತಟ್ಟಿದೆ. 2025ರ ಏಪ್ರಿಲ್ 21ರಂದು ಬೆಂಗಳೂರಿನಲ್ಲಿ ವಾಯುಪಡೆಯ ಅಧಿಕಾರಿಯೊಬ್ಬರು ರಕ್ತ ಸುರಿಯುವ ಮುಖದಲ್ಲಿ ವಿಡಿಯೊ ಹಾಕಿ, ಕನ್ನಡ ಮಾತಾಡುವವರು ತಮ್ಮ ಮೇಲೆ ಹಲ್ಲೆ ಮಾಡಿದರು ಎಂದರು. ದೇಶವಿಡೀ ಹಂಚಿತು. ಆಮೇಲೆ ಸಿಸಿಟಿವಿ ದೃಶ್ಯಗಳು ಬಂದವು, ಅವುಗಳಲ್ಲಿ ಅಧಿಕಾರಿಯೇ ಬೈಕ್ ಸವಾರನನ್ನು ಥಳಿಸುತ್ತಿದ್ದರು. ಇದು ರಸ್ತೆ ಜಗಳ, ಭಾಷೆಯದ್ದಲ್ಲ ಎಂದ ಪೊಲೀಸರು ಅವರ ಮೇಲೂ ಕೊಲೆ ಯತ್ನದ ಪ್ರಕರಣ ದಾಖಲಿಸಿದರು. ಮೊದಲ ವಿಡಿಯೊ ಹಂಚಿದವರೆಲ್ಲ ಎರಡನೆಯದನ್ನೂ ಹಂಚಿದ್ದರೆ ಗುರುಗ್ರಾಮದಲ್ಲೋ ಪುಣೆಯಲ್ಲೋ ಕಚೇರಿಯ ಊಟದ ಮೇಜಿನಲ್ಲಿ ಕನ್ನಡದ ಹುಡುಗಿಯೊಬ್ಬಳು 'ನಿಮ್ಮವರು ಯಾಕೆ ಹೀಗೆ' ಎಂಬ ಪ್ರಶ್ನೆಗೆ ತಲೆ ತಗ್ಗಿಸಬೇಕಿರಲಿಲ್ಲ. ಆ ದಿನ ಕನ್ನಡಿಗರಿಗೆ ಆದ ನೋವು ನಿಜ. ಆದರೆ 'ಹಿಂದಿಯವರು ಎಲ್ಲೆಲ್ಲೋ ಹೀಗೆ ಮಾಡಿದರಂತೆ' ಎಂಬ, ತಲೆಬುಡವಿಲ್ಲದ ವಿಡಿಯೊಗಳನ್ನು ಹಂಚುವಾಗ ಅದೇ ನೋವನ್ನು ಇನ್ನೊಬ್ಬರ ಊಟದ ಮೇಜಿಗೆ ಬಡಿಸುತ್ತಿದ್ದಾರೆಂಬುದು ಅವರಿಗೆ ಹೊಳೆಯುವುದಿಲ್ಲ.

ಸಂಘಗಳು ಮಾಡಬಹುದಾದದ್ದು ದೊಡ್ಡದೇನಲ್ಲ. ಸುಳ್ಳೆಂದು ತಿಳಿದ ಮೇಲೆ ಸದ್ದಿಲ್ಲದೆ ಅಳಿಸಿ, ಮರುದಿನ ಗುಲಾಬಿ ಹೂವಿನ ಶುಭೋದಯ ಕಳಿಸುವ ಪದ್ಧತಿ ಮೊದಲು ನಿಲ್ಲಬೇಕು. ಯಾರು ಕಳಿಸಿದರೋ ಅವರೇ, ಅದೇ ಗುಂಪಿನಲ್ಲಿ, 'ನಿನ್ನೆ ಕಳಿಸಿದ್ದು ಸುಳ್ಳು' ಎಂದು ತಮ್ಮ ಹೆಸರಿನಲ್ಲಿ ಬರೆಯಬೇಕು. ಬೇರೆ ಎಲ್ಲೆಲ್ಲಿಗೆ ಕಳಿಸಿದ್ದರೋ ಅಲ್ಲಿಗೂ ಹೋಗಿ ಬರೆಯಬೇಕು. ಚಂದಾ ಲೆಕ್ಕದಲ್ಲಿ ಹತ್ತು ರೂಪಾಯಿ ತಪ್ಪಿದರೆ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳುವ ಹಿರಿಯರು ಎಲ್ಲ ಸಂಘಗಳಲ್ಲೂ ಇದ್ದಾರೆ. ಮುಂದಿನ ಸಭೆಯಲ್ಲಿ ಅವರು ಈ ಲೆಕ್ಕವನ್ನೂ ಕೇಳಲಿ.