ಕೆಸು ನಮ್ಮ ಅಣ್ಣ

ಮಕ್ಕಳೇ, ಕಳೆದ ವರ್ಷ ನಾನು ಮಗಳ ಮನೆಗೆಂದು ಹವಾಯಿಗೆ ಹೋಗಿದ್ದೆ. ಮೊಮ್ಮಗಳು ಹೊನೊಲುಲುವಿನಲ್ಲಿ ಮೂರನೆಯ ತರಗತಿ. ಒಂದು ದಿನ ಅವಳ ಶಾಲೆಗೆ ನನ್ನನ್ನೂ ಕರೆದಿದ್ದರು. ಅಂದು ಪಾಠ ಹೇಳಲು ಬಂದದ್ದು ನನ್ನಷ್ಟೇ ವಯಸ್ಸಿನ ಒಬ್ಬ ಅಜ್ಜಿ!

ಹವಾಯಿ ಭಾಷೆಯಲ್ಲಿ ಅಜ್ಜ ಅಜ್ಜಿಯರಿಗೆ ‘ಕುಪುನ’ ಎನ್ನುತ್ತಾರೆ. ಸರ್ಕಾರಿ ಶಾಲೆಗಳಲ್ಲಿ ಹವಾಯಿಯ ಭಾಷೆ, ಚರಿತ್ರೆ, ಸಂಸ್ಕೃತಿ ಕಲಿಸಬೇಕೆಂದು 1978ರಲ್ಲಿ ಆ ರಾಜ್ಯದ ಸಂವಿಧಾನದಲ್ಲೇ ಬರೆದರು. ಆಮೇಲೆ ಊರ ಹಿರಿಯರೇ ತರಗತಿಗೆ ಬಂದು ಕಥೆ, ಹಾಡು, ಹುಲಾ ಕುಣಿತ ಕಲಿಸತೊಡಗಿದರು.

ಆ ಅಜ್ಜಿ ಕುಂಡದಲ್ಲಿ ಒಂದು ಗಿಡ ತಂದಿದ್ದರು. ನೋಡಿದರೆ ನಮ್ಮ ಕೆಸು! ಅಲ್ಲಿ ಅದಕ್ಕೆ ‘ಕಲೊ’ ಎಂದು ಹೆಸರು. ಅವರು ಹೇಳಿದ ಕಥೆ ಇದು: ಆಕಾಶದೇವನ ಮೊದಲ ಮಗು ಉಳಿಯಲಿಲ್ಲ. ಅದನ್ನು ಹೂತ ಜಾಗದಲ್ಲಿ ಕೆಸು ಚಿಗುರಿತು. ಎರಡನೆಯ ಮಗು ಹಾಲೋವ, ಹವಾಯಿ ಜನರ ಮೂಲಪುರುಷ. ಹಾಗಾಗಿ ಕೆಸು ಮನುಷ್ಯರಿಗೆ ಅಣ್ಣ. ತಮ್ಮ ಅಣ್ಣನನ್ನು ನೋಡಿಕೊಳ್ಳಬೇಕು, ಅಣ್ಣ ತಮ್ಮನಿಗೆ ಉಣ್ಣಿಸುತ್ತಾನೆ. ಬೇಯಿಸಿದ ಗೆಡ್ಡೆ ಜಜ್ಜಿ ಮಾಡಿದ ‘ಪೋಯಿ’ಯ ಬಟ್ಟಲು ತೆರೆದಿರುವಾಗ ಯಾರೂ ಜಗಳವಾಡಬಾರದಂತೆ. ಅಣ್ಣ ಎದುರಿಗೇ ಇದ್ದಾನಲ್ಲ!

ಆಗ ಒಬ್ಬ ಹುಡುಗ ಕೇಳಿದ, “ನಮ್ಮ ಅಜ್ಜಿಗೆ ಈ ಭಾಷೆ ಯಾಕೆ ಬರೋದಿಲ್ಲ?”

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮೆಲ್ಲಗೆ ಹೇಳಿದರು. 1893ರಲ್ಲಿ ರಾಣಿ ಲಿಲಿಉಒಕಲಾನಿಯನ್ನು ಸಿಂಹಾಸನದಿಂದ ಇಳಿಸಿದರು. 1896ರಲ್ಲಿ ಶಾಲೆಯ ಪಾಠವೆಲ್ಲ ಇಂಗ್ಲಿಷಿನಲ್ಲೇ ಎಂದು ಕಾನೂನು ಬಂತು. ಮನೆಮಾತು ಆಡಿದ ಮಕ್ಕಳಿಗೆ ಶಿಕ್ಷೆ. ಮಕ್ಕಳಾದರೂ ಸುಖವಾಗಿರಲಿ ಎಂದು ಎಷ್ಟೋ ಹಿರಿಯರು ಮನೆಯಲ್ಲೂ ಆ ಭಾಷೆ ಬಿಟ್ಟರು. 1984ರಲ್ಲಿ ಕವಾಯಿ ದ್ವೀಪದಲ್ಲಿ ‘ಪೂನಾನ ಲೆಯೊ’, ಅಂದರೆ ‘ಭಾಷೆಯ ಗೂಡು’ ಎಂಬ ಶಿಶುವಿಹಾರ ತೆರೆದರು. ಅಲ್ಲಿ ಹವಾಯಿ ಭಾಷೆಯದ್ದೇ ಮಾತು. ಭಾಷೆ ಮತ್ತೆ ಮಕ್ಕಳ ಬಾಯಿಗೆ ಬಂತು.

ನನಗೆ ಚುರುಕ್ಕೆಂದಿತು. ಮೊಮ್ಮಗಳ ಜೊತೆ ಫೋನಿನಲ್ಲಿ ನಾನು ಹರುಕುಮುರುಕು ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ. ನನಗೆ ಯಾವ ಕಾನೂನೂ ಅಡ್ಡ ಬಂದಿರಲಿಲ್ಲ.

ಮನೆಗೆ ಬರುವಾಗ ಅವಳು ಕೇಳಿದಳು, “ಅಜ್ಜಿ, ಆ ಗಿಡಕ್ಕೆ ನಿಮ್ಮ ಭಾಷೆಯಲ್ಲಿ ಏನಂತಾರೆ?” ‘ನಮ್ಮ’ ಎನ್ನಲಿಲ್ಲ, ‘ನಿಮ್ಮ’ ಎಂದಳು.

“ಕೆಸು,” ಎಂದೆ. “ಅದರ ಎಲೆಯಲ್ಲಿ ಪತ್ರೊಡೆ ಮಾಡ್ತೀವಿ.”

ಈಗ ಪ್ರತಿ ಭಾನುವಾರ ಫೋನಿನಲ್ಲಿ ಅವಳಿಗೆ ಒಂದು ಕನ್ನಡ ಮಾತು, ನನಗೆ ಒಂದು ಹವಾಯಿ ಮಾತು. ಮಕ್ಕಳೇ, ಈ ವಾರ ನೀವೂ ನಿಮ್ಮ ಅಜ್ಜ ಅಜ್ಜಿಯ ಪಕ್ಕ ಕುಳಿತು, ನಿಮಗೆ ಗೊತ್ತಿಲ್ಲದ ಒಂದು ಮಾತು ಕೇಳಿ ಕಲಿಯಿರಿ. ಅಜ್ಜ ಅಜ್ಜಿಯರೇ, ಅವರು ಕೇಳುವವರೆಗೆ ಕಾಯಬೇಡಿ.