ಹೊಸ ಆ್ಯಪ್‌ಗೆ ದೇಣಿಗೆ ಕೊಡುವ ಮುನ್ನ

ಮಾನ್ಯ ಹೆತ್ತವರೇ,

ಗಡಿನಾಡಿನ ಕನ್ನಡ ಶಾಲೆಗಳಿಗೆಂದೇ ಹೊಸದೊಂದು ಕಲಿಕಾ ಆ್ಯಪ್ ಮಾಡಿಸೋಣ, ಮನೆಗಿಷ್ಟು ಎಂದು ಹಣ ಕೂಡಿಸೋಣ ಎಂಬ ಮಾತು ರಕ್ಷಕ-ಶಿಕ್ಷಕ ಸಂಘದ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಅಭಿಮಾನದ ಮಾತೇ, ಸಂಶಯವಿಲ್ಲ. ಆದರೂ ತಾವು ಕಿಸೆಗೆ ಕೈಹಾಕುವ ಮೊದಲು ಇದನ್ನೊಮ್ಮೆ ಓದಬೇಕೆಂದು ಕೋರಿಕೆ.

ನಾನು ಪಾಠ ಮಾಡುವುದು ಕಾಸರಗೋಡಿನ ಕಡೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ. ಇಲ್ಲಿನ ಶಾಲೆಗಳ ಗಣಕಯಂತ್ರಗಳಲ್ಲಿ ನಡೆಯುವುದು ಕೇರಳದ ಕೈಟ್ ಸಂಸ್ಥೆ ಸಿದ್ಧಪಡಿಸಿಕೊಟ್ಟ ಗ್ನು/ಲಿನಕ್ಸ್. ಅದನ್ನು ಕೇರಳದವರು ಬುಡದಿಂದ ಕಟ್ಟಿದ್ದಲ್ಲ. ಅದಕ್ಕೆ ಆಧಾರ ಉಬುಂಟು. ಉಬುಂಟುವಿಗೆ ಆಧಾರ 1993ರಲ್ಲಿ ಆರಂಭವಾದ ಡೆಬಿಯನ್. ಇವುಗಳ ಮೂಲಬರಹ ಎಲ್ಲರಿಗೂ ತೆರೆದಿದೆ. ಯಾರು ಬೇಕಾದರೂ ತಿದ್ದಬಹುದು, ಹಂಚಬಹುದು. ಒಂದು ರಾಜ್ಯ ಸರಕಾರವೇ ಇದ್ದುದನ್ನು ತಿದ್ದಿ ಬಳಸುತ್ತಿರುವಾಗ, ನೂರಿನ್ನೂರು ಮನೆಯವರಾದ ನಾವು ಹೊಸದು ಕಟ್ಟಲು ಹೊರಟಿದ್ದೇವೆ!

ಕನ್ನಡಕ್ಕೆ ಏನೂ ಇಲ್ಲವೆಂದಲ್ಲ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಲಿನಕ್ಸ್‌ನಲ್ಲಿಯೂ ಸಿಗುತ್ತದೆ. ಮುದ್ರಿತ ಪುಟವನ್ನು ಅಕ್ಷರಗಳನ್ನಾಗಿ ಮಾಡಿಕೊಡುವ ಟೆಸರಾಕ್ಟ್ ಕನ್ನಡವನ್ನೂ ಓದುತ್ತದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಿಂದ ಎಲ್ಲರಿಗೂ ಮುಕ್ತವಾಗಿದೆ.

ಕೊರತೆ ಇರುವುದು ಬೇರೆ ಕಡೆ. ಲಿಬ್ರೆ ಆಫೀಸ್‌ನಲ್ಲಿ ಕಾಗುಣಿತ ನೋಡುವ ಹನ್‌ಸ್ಪೆಲ್ ಎಂಬ ಸಾಧನವಿದೆ. ಅದಕ್ಕೆ ಕನ್ನಡದ ಪದಪಟ್ಟಿಯೂ ಇದೆ. ಆದರೆ ನಮ್ಮ ಭಾಷೆಯಲ್ಲಿ 'ಶಾಲೆ' ಎಂಬುದೊಂದೇ ಪದವಲ್ಲ. ಶಾಲೆಯಲ್ಲಿ, ಶಾಲೆಯಲ್ಲಿಯೂ, ಶಾಲೆಯಲ್ಲಿದ್ದವರಿಗೆ ಎಂದು ಪ್ರತ್ಯಯ ಸೇರಿಸುತ್ತ ಹೋದರೆ ಕೊನೆಯಿಲ್ಲ. ಪಟ್ಟಿಯಲ್ಲಿ ಇಲ್ಲದ ರೂಪದ ಕೆಳಗೆ ಕೆಂಪು ಗೆರೆ ಬೀಳುತ್ತದೆ. ಮಗು ಯಂತ್ರವನ್ನು ನಂಬುತ್ತದೆ. ಸರಿಯಾಗಿ ಬರೆದ ಪದವನ್ನೇ ಅಳಿಸಿ, ಗೆರೆ ಬೀಳದ ಇನ್ನೊಂದನ್ನು ಹುಡುಕುತ್ತದೆ. ಅಂಗಡಿ, ಬಸ್ಸು, ಕಚೇರಿ ಎಲ್ಲೆಡೆ ಬೇರೆ ಭಾಷೆಯನ್ನೇ ಕೇಳುವ ನಮ್ಮ ಮಗುವಿಗೆ, ಕನ್ನಡ ತನ್ನದೆಂಬ ಧೈರ್ಯ ಬರಬೇಕಾದ ಜಾಗದಲ್ಲೇ ಹೀಗಾಗುತ್ತದೆ. ಸೊಲ್ಲಾಪುರದ ಮಗುವಿಗೂ ತಾಳವಾಡಿಯ ಮಗುವಿಗೂ ಇದು ತಪ್ಪಿದ್ದಲ್ಲ.

ಇದಕ್ಕೆ ಹೊಸ ಸಾಧನ ಬೇಡ. ಹನ್‌ಸ್ಪೆಲ್ ಹುಟ್ಟಿದ್ದೇ ಹಂಗೇರಿ ಭಾಷೆಗಾಗಿ. ಅದೂ ನಮ್ಮಂತೆ ಪ್ರತ್ಯಯಗಳನ್ನು ಪೋಣಿಸುವ ಭಾಷೆ. ಅವರು ಮೊದಲೇ ಇದ್ದ ಮೈಸ್ಪೆಲ್ ಅನ್ನು ತಮ್ಮ ವ್ಯಾಕರಣಕ್ಕೆ ಹೊಂದುವಂತೆ ಹಿಗ್ಗಿಸಿಕೊಂಡರು. ಪ್ರತ್ಯಯ ಸೇರುವ ನಿಯಮಗಳು ಒಂದು ಸಾದಾ ಕಡತದಲ್ಲಿರುತ್ತವೆ. ಅದನ್ನು ಬೆಳೆಸಲು ಇಂಜಿನಿಯರರಿಗಿಂತ ವಿಭಕ್ತಿ, ಸಂಧಿ ಬಲ್ಲ ಹಳೆಯ ಕನ್ನಡ ಪಂಡಿತರೇ ಹೆಚ್ಚು ಬೇಕು. ನಿವೃತ್ತರಾಗಿ ಮನೆಯಲ್ಲಿರುವ ಅಂಥವರು ನಮ್ಮ ಊರುಗಳಲ್ಲಿ ಕಡಿಮೆಯೇ?

ನೆರೆಮನೆಯ ಮಲಯಾಳಿಗಳನ್ನೇ ನೋಡಿ. 'ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್' ಎಂಬ ಸ್ವಯಂಸೇವಕರ ಬಳಗ ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಅಕ್ಷರವಿನ್ಯಾಸ, ಭಾಷಾಂತರ ಎಂದು ಇದ್ದ ತಂತ್ರಾಂಶಗಳಿಗೇ ಮಲಯಾಳವನ್ನು ಕೂಡಿಸುತ್ತ ಬಂದಿದೆ. ಭಾಷೆಯ ಹಕ್ಕಿನಲ್ಲಿ ಅವರೊಡನೆ ನಮಗೆ ತಕರಾರಿರಬಹುದು. ಈ ಕೆಲಸವನ್ನು ಮಾತ್ರ ಅವರಿಂದ ಕಲಿಯಲೇಬೇಕು.

ಹೊಸದನ್ನು ಮಾಡಿಸಿದವರ ಕಥೆಯನ್ನೂ ಕಂಡಿದ್ದೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಘದವರು ಅಕ್ಷರ ಕಲಿಸುವ ಆ್ಯಪ್ ಮಾಡಿಸಿದರು. ವೇದಿಕೆ, ಹಾರ, ಭಾಷಣ ಎಲ್ಲ ಆಯಿತು. ಮಾಡಿಕೊಟ್ಟ ಹುಡುಗ ಬೇರೆ ನೌಕರಿಗೆ ಹೋದ. ಹೊಸ ಫೋನುಗಳಲ್ಲಿ ಅದು ಕೂರಲಿಲ್ಲ. ಮೂಲಬರಹ ಅವನ ಬಳಿಯಷ್ಟೇ ಇದ್ದುದರಿಂದ ಬೇರೆಯವರು ತಿದ್ದುವಂತೆಯೂ ಇರಲಿಲ್ಲ. ನಮ್ಮ ಮಕ್ಕಳು ಓದಿ ಕೊಟ್ಟ ಧ್ವನಿಗಳೆಲ್ಲ ಅದರೊಳಗೇ ಉಳಿದವು.

ಹೊಸದೇ ಕೂಡದೆಂದು ನಾನು ಹೇಳುತ್ತಿಲ್ಲ. 'ಅಲರ್'ನ ಪದಸಂಗ್ರಹವೂ ಒಂದು ಕಾಲಕ್ಕೆ ಹೊಸದೇ. ಎಲ್ಲಿಯೂ ಇಲ್ಲದ್ದನ್ನು ಮಾಡಲೇಬೇಕು. ಇರುವುದನ್ನೇ ಇನ್ನೊಮ್ಮೆ ಮಾಡುವುದಕ್ಕೆ ನನ್ನ ವಿರೋಧ. ಹಣ ಕೂಡಿದರೆ, ಕನ್ನಡ ಬಲ್ಲ ಒಬ್ಬರಿಗೆ ಆರು ತಿಂಗಳ ಸಂಬಳ ಕೊಟ್ಟು ಈ ಕಾಗುಣಿತದ ಕಡತವನ್ನೇ ಬೆಳೆಸೋಣ. ಬೆಂಗಳೂರಿನಲ್ಲೋ ಗಲ್ಫ್‌ನಲ್ಲೋ ಗಣಕದ ಕೆಲಸದಲ್ಲಿರುವ ತಮ್ಮ ಮಕ್ಕಳಿಗೆ ಭಾನುವಾರದ ಫೋನಿನಲ್ಲಿ ಇದನ್ನು ತಿಳಿಸಿ. ಮಾಡಿದ್ದನ್ನು ಮೂಲಕ್ಕೆ ಸೇರಿಸುವ ದಾರಿ ಅವರಿಗೆ ಗೊತ್ತಿರುತ್ತದೆ. ಬರುವ ಸಭೆಯಲ್ಲಿ ಆ್ಯಪ್‌ನ ಮಾತು ಬಂದರೆ, ಇಂಥದ್ದು ಈಗಾಗಲೇ ಇದೆಯೇ, ಇಲ್ಲದಿದ್ದರೆ ಮಾಡಿಸಿದ ಮೇಲೆ ಮೂಲಬರಹ ಯಾರ ಕೈಯಲ್ಲಿರುತ್ತದೆ ಎಂದು ತಾವೇ ಎದ್ದುನಿಂತು ಕೇಳಿ.