‘ಸರ್ವರ್ ಡೌನ್’ ಅಂದ್ರೆ ಸಾಲದು, ಕಾರಣ ಲಾಗ್‌ನಲ್ಲಿರುತ್ತೆ

ಉಪನೋಂದಣಿ ಕಚೇರಿ ಇರಲಿ, ನ್ಯಾಯಬೆಲೆ ಅಂಗಡಿ ಇರಲಿ, ಜನ ಪದೇ ಪದೇ ಕೇಳುವ ಮಾತು ‘ಸರ್ವರ್ ಡೌನ್, ನಾಳೆ ಬನ್ನಿ’. ಯಾಕೆ ಡೌನ್, ಯಾವಾಗ ಸರಿಹೋಗುತ್ತೆ ಅಂದ್ರೆ ಕೌಂಟರ್‌ನಲ್ಲಿ ಕೂತವರಿಗೂ ಗೊತ್ತಿರೋದಿಲ್ಲ. ಉತ್ತರ ಸಿಗೋದು ಸರ್ವರ್‌ನ ಲಾಗ್‌ನಲ್ಲಿ.

ಲಾಗ್ ಅಂದ್ರೆ ಅಂಗಡಿಯ ಕಿರ್ದಿ ಇದ್ದ ಹಾಗೆ. ಯಾವ ಹೊತ್ತಿಗೆ ಏನಾಯಿತು, ಎಲ್ಲಿ ಕೆಲಸ ನಿಂತಿತು ಎಂಬುದು ಅದರಲ್ಲಿ ದಾಖಲಾಗುತ್ತದೆ. ‘ಟೂ ಮೆನಿ ಕನೆಕ್ಷನ್ಸ್’ ಎಂದಿದ್ದರೆ ಒಂದೇ ಹೊತ್ತಿಗೆ ಮಿತಿ ಮೀರಿ ಸಂಪರ್ಕ ಬಂದಿದೆ ಎಂದರ್ಥ. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಯಾರೂ ಬದಲಾಯಿಸದಿದ್ದರೆ ಈ ಮಿತಿ ಬರೀ 151. ‘ನೋ ಸ್ಪೇಸ್ ಲೆಫ್ಟ್’ ಎಂದಿದ್ದರೆ ಡಿಸ್ಕ್ ತುಂಬಿದೆ. ಕೌಂಟರ್‌ನಲ್ಲಿ ಎರಡಕ್ಕೂ ಒಂದೇ ಬೋರ್ಡ್, ಆದರೆ ಮದ್ದು ಬೇರೆ ಬೇರೆ. ಲಾಗ್ ನೋಡದೆ ರೀಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಓಡುತ್ತೆ, ಮತ್ತೆ ಅದೇ ಕಥೆ.

2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ಕುಸಿದಾಗ ರಾಜ್ಯದೆಲ್ಲೆಡೆ ಜನ ಪರದಾಡಿದರು. ಹೊರಗಿನಿಂದ ನೋಡಿದವರಿಗೆ ಅದು ಮಾಮೂಲಿ ರಶ್. ತಪಾಸಣೆಯಲ್ಲಿ ಕಂಡದ್ದೇ ಬೇರೆ: ಎರಡು ಗಂಟೆಯಲ್ಲಿ 6.2 ಲಕ್ಷ ದುರುದ್ದೇಶದ ಕೋರಿಕೆಗಳು ಬಂದಿದ್ದವು. ಅದರ ಹಿಂದೆ 62 ಇಮೇಲ್ ಖಾತೆ, 14 ಐಪಿ ವಿಳಾಸ ಇದ್ದವು ಎಂದು ಅಧಿಕಾರಿಗಳು ತಿಳಿಸಿದರು. ಹೆಚ್ಚಿನ ಹೊರೆ ಬಿದ್ದದ್ದು ಇಸಿ ಹುಡುಕಾಟದ ಮೇಲೆ. ಲೋಡ್ ಜಾಸ್ತಿ ಅಂತ ಹೊಸ ಸರ್ವರ್ ಸೇರಿಸಿದ್ದರಷ್ಟೇ ಇಂಥ ದಾಳಿ ನಿಲ್ಲೋದಿಲ್ಲ. ಯಾರು, ಎಲ್ಲಿಂದ, ಎಷ್ಟು ಸಲ ಬಡಿಯುತ್ತಿದ್ದಾರೆ ಎಂಬ ದಾಖಲೆ ಇದ್ದರೆ ಮಾತ್ರ ಬಾಗಿಲು ಹಾಕೋಕೆ ಸಾಧ್ಯ.

ನಷ್ಟ ಮಾತ್ರ ಜನರದ್ದು. ಕ್ರಯಪತ್ರಕ್ಕೆ ಸಾಕ್ಷಿಗಳನ್ನು ಕರೆತಂದವರಿಗೆ ಒಂದು ದಿನದ ಕೂಲಿ ಹೋಗುತ್ತೆ. ಇಸಿ ಇಲ್ಲದೆ ಬ್ಯಾಂಕ್ ಸಾಲದ ಫೈಲ್ ಮುಂದಕ್ಕೆ ಹೋಗೋದಿಲ್ಲ. ಲಾಗ್ ಪೂರ್ತಿ ಬಹಿರಂಗ ಮಾಡಿ ಅಂತ ಯಾರೂ ಕೇಳುತ್ತಿಲ್ಲ, ಅದು ಸುರಕ್ಷಿತವೂ ಅಲ್ಲ. ಆದರೆ ತೊಂದರೆ ಯಾವ ಬಗೆಯದು, ಅಂದಾಜು ಎಷ್ಟು ಹೊತ್ತು ಎಂಬ ಎರಡು ಸಾಲನ್ನು ಕಚೇರಿ ಬಾಗಿಲಿಗೆ ಅಂಟಿಸಬಹುದಲ್ಲ?

ಜನರೂ ಒಂದು ಕೆಲಸ ಮಾಡಬಹುದು. ಕೆಲಸ ನಿಂತಾಗ ಪರದೆಯ ಮೇಲಿನ ಎರರ್ ಸಂದೇಶ, ದಿನಾಂಕ, ಸಮಯ, ಅರ್ಜಿ ಸಂಖ್ಯೆ ಬರೆದಿಟ್ಟುಕೊಳ್ಳಬೇಕು. ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್‌ಗೂ ಇದೇ ನಿಯಮ: ಆಫ್ ಮಾಡೋ ಮುಂಚೆ ಪರದೆಯ ಫೋಟೊ ತೆಗೆದಿಡಿ. ‘ಓಡ್ತಾ ಇಲ್ಲ’ ಎಂಬ ದೂರಿಗಿಂತ ‘ಬೆಳಿಗ್ಗೆ 11.20ಕ್ಕೆ ಈ ಎರರ್ ಬಂತು’ ಎಂಬ ದೂರು ಬೇಗ ಬಗೆಹರಿಯುತ್ತೆ, ಯಾಕಂದ್ರೆ ಲಾಗ್‌ನಲ್ಲಿ ಆ ನಿಮಿಷವನ್ನೇ ಹುಡುಕಿ ನೋಡಬಹುದು.